ದಿಂಬಿನ ವಂಶ

ಆ ಊರಿನಲ್ಲಿ ಸತ್ತ ರಾಜರನ್ನು ಹೂಳುತ್ತಿರಲಿಲ್ಲ, ಸುಡುತ್ತಿರಲಿಲ್ಲ. ನದಿಗೆ ಬಿಡುತ್ತಿದ್ದರು. ಹಿಂದೆ ಉಳಿಯುತ್ತಿದ್ದುದು ಒಂದು ಇಟ್ಟಿಗೆ ಮಾತ್ರ.

ಅರಮನೆಯ ಎದುರಿಗೆ ಉದ್ದನೆಯ ಕಲ್ಲುಗೋಡೆಯಿತ್ತು. ಅದರ ಈ ತುದಿಯಲ್ಲಿ ನಿಂತವರಿಗೆ ಆ ತುದಿ ಕಾಣುತ್ತಿರಲಿಲ್ಲ. ಗೋಡೆಯ ಉದ್ದಕ್ಕೂ ನೆಟ್ಟಗೆ ನಿಂತ ಗೂಡುಗಳು. ಒಂದೊಂದು ಗೂಡಿನಲ್ಲಿ ಒಂದರ ಮೇಲೊಂದು ಒಂಬತ್ತು ಇಟ್ಟಿಗೆ. ಹತ್ತನೆಯದಕ್ಕೆ ಜಾಗವಿಲ್ಲ, ಮೇಲೆ ಕಲ್ಲಿನ ಚಪ್ಪಡಿ. ಒಬ್ಬ ರಾಜ ಸತ್ತರೆ ಒಂದು ಇಟ್ಟಿಗೆ. ಒಂದು ಗೂಡು ತುಂಬಿದರೆ ಒಂದು ವಂಶ ಮುಗಿಯಿತು. ಒಂಬತ್ತನೆಯವನಿಗೆ ಮಗನಿರಲಿ, ಮೊಮ್ಮಗನಿರಲಿ, ವಂಶ ಮುಗಿಯಿತು. ರಕ್ತ ಎಲ್ಲಿಯವರೆಗೆ ಹರಿಯುತ್ತದೆ ಎಂಬುದನ್ನು ಗೂಡು ಕೇಳುತ್ತಿರಲಿಲ್ಲ.

ಆಳುತ್ತಿರುವ ವಂಶಕ್ಕೆ ಹೆಸರಿರಲಿಲ್ಲ. ಮುಗಿದ ವಂಶಕ್ಕೆ ಮಾತ್ರ ಹೆಸರು. ಒಂಬತ್ತನೆಯ ರಾಜ ಸಾಯುವ ಮುಂಚೆ ಕೊನೆಯದಾಗಿ ಏನನ್ನು ಕೇಳಿದನೋ ಅದೇ ಇಡೀ ವಂಶದ ಹೆಸರು. ಹಾಗಾಗಿ ಗೋಡೆಯ ಮೇಲೆ ಕಂಬಳಿ ವಂಶವಿತ್ತು, ಮಜ್ಜಿಗೆ ವಂಶವಿತ್ತು, ‘ಬಾಗಿಲು ಹಾಕಿ’ ವಂಶವಿತ್ತು. ಕಂಬಳಿ ವಂಶದ ಮೂರನೆಯವನು ಹಿಮದ ಬೆಟ್ಟವನ್ನು ಬರಿಮೈಯಲ್ಲಿ ದಾಟಿ ಏಳು ಕೋಟೆ ಗೆದ್ದವನು. ಆದರೂ ಅವನು ಕಂಬಳಿ ವಂಶದ ಮೂರನೆಯವನೇ.

ಇಟ್ಟಿಗೆಯನ್ನು ಮಾಡುವುದು ಸತ್ತ ರಾಜನ ಹೆಂಡತಿಯ ಕೆಲಸ. ಕೊನೆಯ ಮಾತನ್ನು ಕೇಳಿಸಿಕೊಳ್ಳುವುದೂ ಅವಳದೇ ಕೆಲಸ. ಆ ಹೊತ್ತಿನಲ್ಲಿ ಕೋಣೆಯೊಳಗೆ ಬೇರೆ ಯಾರೂ ಇರಕೂಡದು.

ಈ ಕಥೆಯ ರಾಣಿ ಒಂಬತ್ತನೆಯವನ ಹೆಂಡತಿ. ಮದುವೆಯಾಗಿ ಬಂದ ದಿನ ಅರಮನೆಯ ಹಿರಿಯರು ಅವಳಿಗೆ ಪಾಯಸ ಬಡಿಸಿ ಹೇಗಿದೆ ಎಂದು ಕೇಳಿದ್ದರು. ‘ಉಪ್ಪು ಬಿದ್ದಿದೆ’ ಎಂದಿದ್ದಳು. ನಿಜಕ್ಕೂ ಬಿದ್ದಿತ್ತು, ಉಳಿದವರೆಲ್ಲ ಚೆನ್ನಾಗಿದೆ ಎಂದು ನುಂಗಿದ್ದರು. ಅಂದಿನಿಂದ ಊರಿನವರು ಅವಳಿಗೆ ಹೆದರಿದರು, ಅವಳನ್ನು ನಂಬಿದರು. ಹೊಲದ ಬದುವಿಗಾಗಿ ಕಾದಾಡುವವರು ಕೂಡ ‘ರಾಣಿಯಮ್ಮ ಹೇಳಿಬಿಡಲಿ’ ಎಂದು ಕೈಕಟ್ಟಿ ನಿಲ್ಲುತ್ತಿದ್ದರು. ಅವಳ ಸೆರಗು ಜಾರಿದ್ದನ್ನು ಯಾರೂ ಕಂಡಿರಲಿಲ್ಲ. ಅವಳ ಬಾಯಿಂದ ಸುಳ್ಳೊಂದು ಬಿದ್ದದ್ದನ್ನು ಯಾರೂ ಕೇಳಿರಲಿಲ್ಲ. ಅದು ತನ್ನ ಆಸ್ತಿ ಎಂದು ಅವಳು ತಿಳಿದಿದ್ದಳು. ಅದರ ಮೇಲೆ ಧೂಳು ಕೂರಲು ಬಿಡುತ್ತಿರಲಿಲ್ಲ.

ಒಂಬತ್ತನೆಯ ರಾಜ ಸತ್ತದ್ದು ಒಂದು ಮಧ್ಯಾಹ್ನ. ಬಿಸಿಲು ಹಾಸಿಗೆಯ ಕಾಲಿನವರೆಗೆ ಬಂದಿತ್ತು. ಅವನು ಕಣ್ಣು ತೆರೆದು, ‘ದಿಂಬು ತಿರುವಿ ಹಾಕು, ಈ ಮಗ್ಗುಲು ಬಿಸಿಯಾಗಿದೆ’ ಎಂದ. ಅವಳು ಅವನ ತಲೆಯನ್ನು ಒಂದು ಕೈಯಲ್ಲಿ ಎತ್ತಿ ದಿಂಬನ್ನು ತಿರುವಿ ಹಾಕಿದಳು. ಅವನು ತಂಪಿನ ಮೇಲೆ ಕೆನ್ನೆಯಿಟ್ಟ. ಮತ್ತೆ ಏನನ್ನೂ ಕೇಳಲಿಲ್ಲ.

ಬಾಗಿಲ ಹೊರಗೆ ಅಳತೆಯವ್ವ ಕೂತಿದ್ದಳು. ಗೋಡೆಯನ್ನು ಕಾಯುವ ಮುದುಕಿ ಅವಳು. ಕೈಯಲ್ಲಿ ಒಂದು ಕೋಲು, ಕೋಲಿನ ಮೇಲೆ ಅಳತೆಯ ಗುರುತುಗಳು. ಅವಳ ಹಿಂದೆ ಅರಮನೆಯ ಮಂದಿ ಗುಂಪುಗಟ್ಟಿದ್ದರು.

‘ಕೊನೆಗೆ ಏನು ಕೇಳಿದರು?’ ಎಂದಳು ಅಳತೆಯವ್ವ. ಅದು ಅವಳು ಕೇಳಲೇಬೇಕಾದ ಪ್ರಶ್ನೆ.

‘ದಿಂಬು.’

ಗುಂಪಿನಲ್ಲಿ ಯಾರೋ ಕೆಮ್ಮಿದರು.

‘ನಿಧಾನವಾಗಿ ನೆನಪು ಮಾಡಿಕೊಳ್ಳಿ ರಾಣಿಯಮ್ಮ. ನೀರು ಕೇಳಲಿಲ್ಲವೇ? ನೀರಾದರೆ ಚೆನ್ನ. ನಾಲ್ಕು ಗೂಡಿಗೆ ಆಗಲೇ ನೀರೆಂದೇ ಹೆಸರಿದೆ. ಐದನೆಯದಾದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ.’

‘ನೀರು ಕೇಳಲಿಲ್ಲ. ಬಾಯಾರಿಕೆ ಇರಲಿಲ್ಲ.’

‘ದೇವರನ್ನು?’

‘ದೇವರನ್ನು ಬೆಳಿಗ್ಗೆ ಕೇಳಿದರು. ಕೊನೆಗೆ ಕೇಳಿದ್ದು ದಿಂಬು.’

‘ಒಳಗೆ ಇದ್ದವರು ನೀವೊಬ್ಬರೇ’ ಎಂದು ಅಳತೆಯವ್ವ ಇನ್ನೂ ಮೆಲ್ಲಗೆ ಹೇಳಿದಳು. ಅವಳು ಅದಕ್ಕಿಂತ ಹೆಚ್ಚು ಹೇಳುವಂತಿರಲಿಲ್ಲ.

‘ಅದಕ್ಕೇ ಹೇಳುತ್ತಿದ್ದೇನೆ’ ಎಂದಳು ರಾಣಿ.

ಸಂಜೆಯ ಹೊತ್ತಿಗೆ ಮಾತು ಬೀದಿಗಿಳಿಯಿತು. ಕಾಲುವೆ ತೋಡಿಸಿದ ಮೊದಲನೆಯವನು ದಿಂಬು. ಬರಗಾಲದಲ್ಲಿ ಊರಿಗೆಲ್ಲ ಗಂಜಿ ಹುಯ್ಯಿಸಿದ ನಾಲ್ಕನೆಯವನು ದಿಂಬು. ಆನೆಯ ದಂತ ಹಿಡಿದು ನಿಲ್ಲಿಸಿದ ಆರನೆಯವನು ದಿಂಬು. ಅಂಗಡಿಯವರು ಬಾಗಿಲು ಹಾಕುತ್ತ ಒಬ್ಬರಿಗೊಬ್ಬರು, ‘ಹತ್ತಿಯದೋ, ಬೂರುಗದ್ದೋ?’ ಎಂದು ಕೇಳಿಕೊಂಡರು.

ಆದರೆ ರಾಣಿಯನ್ನು ಕೊರೆಯುತ್ತಿದ್ದುದು ಹೆಸರಲ್ಲ. ಅವಳಿಗೆ ಒಬ್ಬ ಮಗನಿದ್ದ.

ಗೂಡು ತುಂಬಿದ ಮೇಲೆ ಬರುವ ರಾಜ ಹೊಸ ಗೂಡಿನ ಮೊದಲನೆಯವನು. ಮೊದಲನೆಯವನು ಯಾರ ಮಗನೂ ಆಗಿರಕೂಡದು. ಗೂಡು ಗೂಡಿನ ನಡುವೆ ನಾಲ್ಕು ಬೆರಳು ದಪ್ಪದ ಕಲ್ಲು ನಿಂತಿರುವಾಗ ಮಗನೆಲ್ಲಿಂದ ಬಂದಾನು? ಆದ್ದರಿಂದ ಒಂಬತ್ತನೆಯವನ ಮಗ ಪಡುವಣ ಬಾಗಿಲಿನಿಂದ ಹೊರಗೆ ಹೋಗಬೇಕು. ಬರಿಗಾಲಿನಲ್ಲಿ ಊರನ್ನು ಹೊರಗಿನಿಂದ ಸುತ್ತಬೇಕು. ಮೂಡಣ ಬಾಗಿಲಿಗೆ ಪರದೇಶಿಯಾಗಿ ಬಂದು ನಿಲ್ಲಬೇಕು. ಅಲ್ಲಿ ಅವನ ತಾಯಿಯನ್ನು ಮೂರು ಸಲ ಕೇಳುತ್ತಾರೆ, ಇವನನ್ನು ಬಲ್ಲೆಯಾ ಎಂದು. ಮೂರು ಸಲವೂ ಇಲ್ಲ ಎಂದರೆ ಅವನು ಒಳಗೆ ಬಂದು ಆಳುತ್ತಾನೆ. ಅವಳು ಮುಗಿದ ವಂಶದ ರಾಣಿಯರಿಗೆಂದೇ ಇರುವ ಹಿಂಬದಿಮನೆಗೆ ಹೋಗುತ್ತಾಳೆ, ಅವನನ್ನು ಮತ್ತೆ ನೋಡುವುದಿಲ್ಲ. ಒಂದು ಸಲ ಬಲ್ಲೆ ಎಂದರೂ ಬಾಗಿಲು ಮುಚ್ಚುತ್ತದೆ. ಆಮೇಲೆ ಅವನಿಗೆ ಆ ಊರು ಇಲ್ಲ. ದಾರಿಯಲ್ಲಿ ಮೊದಲು ಬಂದ ಬೇರೆ ಯಾರನ್ನೋ ಊರು ಒಳಗೆ ಕರೆದುಕೊಳ್ಳುತ್ತದೆ.

ಮರುದಿನ ರಾಣಿ ನದಿಯಿಂದ ಮಣ್ಣು ತರಿಸಿದಳು. ಹೊಟ್ಟು ಸುರಿದಳು, ನೀರು ಸುರಿದಳು, ಸೀರೆಯನ್ನು ಮೊಳಕಾಲಿಗೆ ಕಟ್ಟಿ ಮಣ್ಣಿಗಿಳಿದಳು. ತುಳಿದಳು. ಮಣ್ಣು ಬೆರಳುಗಳ ನಡುವಿನಿಂದ ಮೇಲೆದ್ದು ಬಂತು. ತುಳಿದಳು. ಎಂಟು ರಾಣಿಯರು ಎಂಟು ಸಲ ಹೀಗೆಯೇ ತುಳಿದಿದ್ದರು. ಅವರೆಲ್ಲರ ಮಕ್ಕಳೂ ಮರುದಿನವೂ ಅವರ ಮಕ್ಕಳಾಗಿಯೇ ಉಳಿದಿದ್ದರು. ಎಂಟನೆಯವಳ ಮಗ, ಇವಳ ಗಂಡ, ಈಗ ಇಟ್ಟಿಗೆಯ ಮಣ್ಣಾಗುತ್ತಿದ್ದ. ತಾನು ಏನು ತಪ್ಪು ಮಾಡಿದೆ ಎಂದು ರಾಣಿ ಲೆಕ್ಕವಾಗಿ ಯೋಚಿಸಿದಳು. ಯಾವ ತಪ್ಪೂ ಸಿಗಲಿಲ್ಲ. ಅವಳು ಒಂಬತ್ತನೆಯವಳು, ಅಷ್ಟೇ.

‘ಒಂಬತ್ತೇ ಯಾಕೆ?’ ಎಂದು ಮಣ್ಣಿನಲ್ಲಿ ನಿಂತೇ ಕೇಳಿದಳು.

ಅಳತೆಯವ್ವ ಅಂಚಿನಲ್ಲಿ ಕೂತು ಎಲೆ ಮಡಚುತ್ತಿದ್ದಳು. ‘ಗೂಡು ಅಷ್ಟೇ ಎತ್ತರ.’

‘ಗೂಡು ಅಷ್ಟೇ ಎತ್ತರ ಯಾಕೆ?’

‘ಕಟ್ಟಿದವನ ಏಣಿಗೆ ಅಷ್ಟೇ ಮೆಟ್ಟಿಲಿತ್ತಂತೆ. ನನ್ನ ಅತ್ತೆ ಹೇಳಿದ್ದು. ಅವಳಿಗೆ ಅವಳ ಅತ್ತೆ.’

‘ಇನ್ನೊಂದು ಮೆಟ್ಟಿಲು ಹಾಕಿಕೊಳ್ಳಬಹುದಿತ್ತಲ್ಲ?’

‘ಹಾಕಿಕೊಂಡಿದ್ದರೆ ಹತ್ತನೆಯವಳು ಇಲ್ಲಿ ನಿಂತು ಇದನ್ನೇ ಕೇಳುತ್ತಿದ್ದಳು’ ಎಂದು ಅಳತೆಯವ್ವ ಎಲೆಯನ್ನು ಬಾಯಿಗಿಟ್ಟುಕೊಂಡಳು.

ರಾಣಿ ಮಣ್ಣನ್ನು ಇನ್ನೊಂದು ಸುತ್ತು ತುಳಿದಳು. ಆಮೇಲೆ ಕೇಳಿದಳು:

‘ನಿನ್ನ ಕೋಲಿನ ಮೇಲೆ ಏನೇನು ಗುರುತಿದೆ?’

‘ಇಟ್ಟಿಗೆಯ ಉದ್ದಕ್ಕೆ ಒಂದು, ಅಗಲಕ್ಕೆ ಒಂದು.’

‘ದಪ್ಪಕ್ಕೆ?’

ಅಳತೆಯವ್ವ ಕೋಲನ್ನು ತಿರುಗಿಸಿ ನೋಡಿದಳು. ಮತ್ತೊಮ್ಮೆ ತಿರುಗಿಸಿದಳು. ‘ದಪ್ಪಕ್ಕೆ ಇಲ್ಲ. ಅಚ್ಚು ತುಂಬಿಸುತ್ತಾರೆ, ಅದೇ ದಪ್ಪ.’

‘ಅಚ್ಚನ್ನು ತುಂಬಲೇಬೇಕೆಂದು ಯಾರಾದರೂ ಹೇಳಿದ್ದಾರೆಯೇ?’

‘ಯಾರೂ ಹೇಳಿಲ್ಲ’ ಎಂದಳು ಅಳತೆಯವ್ವ. ಅವಳ ಬಾಯಿ ಅಗಿಯುವುದನ್ನು ನಿಲ್ಲಿಸಿತ್ತು. ‘ಕೇಳಿದವರೂ ಇಲ್ಲ.’

ರಾಣಿ ಮರದ ಅಚ್ಚನ್ನು ಅರ್ಧ ಮಾತ್ರ ತುಂಬಿಸಿದಳು. ಇದು ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಉದ್ದ ಸರಿಯಿದೆ, ಅಗಲ ಸರಿಯಿದೆ. ಗಂಡನ ಮುದ್ರೆಯನ್ನು ಒತ್ತಿದಳು. ಇಟ್ಟಿಗೆ ಎರಡು ದಿನ ಬಿಸಿಲಿನಲ್ಲಿ ಒಣಗಿತು, ಒಂದು ದಿನ ಬೆಂಕಿಯಲ್ಲಿ ಬೆಂದಿತು. ಅಳತೆಯವ್ವ ಕೋಲಿಟ್ಟು ನೋಡಿ ಸರಿ ಎಂದಳು. ಏಣಿ ಹತ್ತಿ ರಾಣಿ ಅದನ್ನು ಎಂಟನೆಯದರ ಮೇಲಿಟ್ಟಳು. ಇಟ್ಟಿಗೆಗೂ ಚಪ್ಪಡಿಗೂ ನಡುವೆ ಕತ್ತಲೆಯ ಒಂದು ಪಟ್ಟಿ ಉಳಿಯಿತು. ಅಲ್ಲಿ ಇನ್ನೊಂದು ಅರ್ಧ ಇಟ್ಟಿಗೆ ಹಿಡಿಯುತ್ತಿತ್ತು.

ಗೂಡು ತುಂಬಲಿಲ್ಲ. ತುಂಬದ ಗೂಡು ಮುಗಿಯದ ವಂಶ. ಅವಳು ಏಣಿಯಿಂದ ಇಳಿದು ನೇರ ಅಂಗಳಕ್ಕೆ ಹೋದಳು.

ಮಗ ಅಂಗಳದಲ್ಲಿ ತನ್ನ ಕುದುರೆಗೆ ಮೇವು ಹಾಕುತ್ತಿದ್ದ. ಇಪ್ಪತ್ತೆರಡು ವರ್ಷದವನು. ತಂದೆಯ ಭುಜ, ತಾಯಿಯ ಹುಬ್ಬು.

‘ನೀನು ಎಲ್ಲಿಗೂ ಹೋಗಬೇಕಾಗಿಲ್ಲ’ ಎಂದಳು ರಾಣಿ. ‘ಜಾಗವಿದೆ. ನೀನು ಹತ್ತನೆಯವನು. ನಿನ್ನಪ್ಪನ ಗೂಡಿನಲ್ಲೇ ಇರುತ್ತೀಯ.’

ಅವನು ಮೇವಿನ ಕೈಯನ್ನು ಹಾಗೆಯೇ ಹಿಡಿದು ನಿಂತ.

‘ದಿಂಬಿನ ವಂಶದ ಹತ್ತನೆಯವನೇ?’

‘ಇಲ್ಲ. ಗೂಡು ತುಂಬಿಲ್ಲವಲ್ಲ, ಆ ಹೆಸರು ಬೀಳುವುದಿಲ್ಲ. ಕೊನೆಯವನು ನೀನು. ನೀನು ಕೇಳಿದ್ದೇ ಹೆಸರು. ನಿನಗೆ ಬೇಕಾದದ್ದನ್ನು ಕೇಳು. ಖಡ್ಗ ಕೇಳು. ಸೂರ್ಯನನ್ನು ಕೇಳು.’

‘ಅಪ್ಪ ಹಾಗಂದುಕೊಂಡಿರಲಿಲ್ಲವೇ ಅಮ್ಮ? ಹತ್ತು ವರ್ಷದಿಂದ ಏನು ಕೇಳಬೇಕೆಂದು ಬಾಯಿಪಾಠ ಮಾಡುತ್ತಿದ್ದರು. “ಬೆಳಕು” ಎನ್ನುತ್ತೇನೆ ಎಂದು ನನಗೇ ಹೇಳಿದ್ದರು. ಬೆಳಕಿನ ವಂಶ. ಅವರಿಗೆ ಅದು ಎಷ್ಟು ಇಷ್ಟವಾಗಿತ್ತು! ಕೊನೆಗೆ ಏನಾಯಿತು? ಕೆನ್ನೆ ಬಿಸಿಯಾಯಿತು.’

ರಾಣಿ ಕೆಳಗೆ ಬಿದ್ದ ಮೇವನ್ನು ಎತ್ತಿ ಕುದುರೆಯ ಮುಂದಿಟ್ಟಳು.

‘ನೀನು ಬೆಳಕು ಎನ್ನಬಹುದಿತ್ತು’ ಎಂದ ಅವನು. ‘ಒಳಗೆ ನೀನೊಬ್ಬಳೇ ಇದ್ದೆ.’

‘ಅವರು ಕೇಳಿದ್ದು ದಿಂಬು.’

‘ಗೊತ್ತಮ್ಮ. ನಿನಗೆ ಗೊತ್ತಿರುವುದೆಲ್ಲ ಎಲ್ಲರಿಗೂ ಗೊತ್ತಾಗುತ್ತದೆ.’ ಅವನು ನಕ್ಕ. ಕುದುರೆಯ ಕುತ್ತಿಗೆ ತಟ್ಟಿದ. ‘ನಾಳೆ ನಾನು ಕೊನೆಯವನಾದರೆ ನನ್ನ ಹಾಸಿಗೆಯ ಬದಿಯಲ್ಲೂ ನಿನ್ನಂಥ ಒಬ್ಬಳು ಕೂತಿರುತ್ತಾಳೆ. ನನ್ನ ಬಾಯಿಂದ ಏನು ಬೀಳುತ್ತದೋ ಎಂದು ಬದುಕಿಡೀ ನಾನು ಬಾಯಿ ಕಾಯಬೇಕು. ಮೊದಲನೆಯವನಿಗೆ ಆ ಭಯವಿಲ್ಲ. ಅವನಿಗೆ ಹೆಸರಿಡುವವರು ಇನ್ನೂ ಹುಟ್ಟಿಯೇ ಇರುವುದಿಲ್ಲ.’

‘ಮೊದಲನೆಯವನಿಗೆ ತಾಯಿಯೂ ಇರುವುದಿಲ್ಲ.’

ಅವನು ಕುದುರೆಯ ಕಡೆಗೆ ತಿರುಗಿಕೊಂಡ. ‘ನೀನು ಇಲ್ಲ ಎನ್ನುತ್ತೀಯಲ್ಲಾ, ಬಾಗಿಲಲ್ಲಿ?’ ಎಂದು ಕೇಳಿದ.

‘ಅದು ಸುಳ್ಳು’ ಎಂದಳು ರಾಣಿ.

‘ಹೌದು. ಅದಕ್ಕೇ ಕೇಳಿದ್ದು.’

ಬೆಳಿಗ್ಗೆ ಅವನು ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟು ಪಡುವಣ ಬಾಗಿಲಿನಿಂದ ಹೊರಗೆ ಹೋದ. ಯಾರೂ ಅವನನ್ನು ದೂಡಲಿಲ್ಲ. ಜಾಗವಿತ್ತು; ಅವನೇ ಹೋದ.

ಹೋದವನಿಗೆ ಗೂಡು ಕಾಯುವುದಿಲ್ಲ. ಆ ಕತ್ತಲೆಯ ಪಟ್ಟಿಯನ್ನು ಮುಚ್ಚಬೇಕಾಗಿತ್ತು. ರಾಣಿ ಉಳಿದ ಮಣ್ಣನ್ನು ಮತ್ತೆ ನೆನೆಸಿದಳು, ತುಳಿದಳು, ಅಚ್ಚನ್ನು ಮತ್ತೆ ಅರ್ಧ ತುಂಬಿಸಿದಳು. ಯಾವ ಮುದ್ರೆ ಒತ್ತಬೇಕೆಂದು ಕೇಳಿದಾಗ ಅಳತೆಯವ್ವ ತಲೆಯಾಡಿಸಿದಳು. ಒತ್ತಲು ಯಾವುದೂ ಇರಲಿಲ್ಲ. ಬೇಯಿಸಲೂ ಹೊತ್ತಿರಲಿಲ್ಲ. ಬರಿಯ ಹಸಿಮಣ್ಣನ್ನೇ ಏಣಿ ಹತ್ತಿ ತುರುಕಿದಳು. ಅದು ಚಪ್ಪಡಿಗೆ ತಾಗಿ ನಿಂತಿತು. ಆಮೇಲೆ ಏಣಿಯ ಮೇಲೆ ನಿಂತೇ, ಕೆಳಗೆ ನೆರೆದ ಊರಿಗೆ ಕೇಳುವಂತೆ, ವಂಶದ ಹೆಸರನ್ನು ಕೂಗಿ ಹೇಳಿದಳು. ಯಾರೂ ನಗಲಿಲ್ಲ. ಕೂಗುವಾಗ ನಗಕೂಡದೆಂದಿತ್ತು.

ಮಧ್ಯಾಹ್ನ ಮೂಡಣ ಬಾಗಿಲು. ಊರು ಎರಡು ಸಾಲಾಗಿ ನಿಂತಿತ್ತು. ರಾಣಿಯನ್ನು ಬಾಗಿಲಿನ ಬಲಕ್ಕೆ ನಿಲ್ಲಿಸಿದರು. ಅಳತೆಯವ್ವ ಅವಳ ಹಿಂದೆ ನಿಂತಳು. ಬಾಗಿಲವನು ತನ್ನ ತುಕ್ಕು ಹಿಡಿದ ಭರ್ಜಿಯನ್ನು ಅಡ್ಡ ಹಿಡಿದು ನಿಂತಿದ್ದ. ಮಗ ಮಗುವಾಗಿದ್ದಾಗ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಇದೇ ಬಾಗಿಲಿನ ಅಗುಳಿ ಮುಟ್ಟಿಸುತ್ತಿದ್ದವನು ಅವನು.

ಸಾಲಿನಲ್ಲಿ ಪಿಸುಮಾತು ಓಡಾಡುತ್ತಿತ್ತು. ‘ಆಯಮ್ಮ ಬಲ್ಲೆ ಎಂದೇ ಎನ್ನುತ್ತಾಳೆ ನೋಡು.’ ‘ಅನ್ನದೇ ಇರುತ್ತಾಳೆಯೇ? ಗಂಡನನ್ನೇ ಬಿಡಲಿಲ್ಲ.’ ‘ಪಾಪ, ಆ ಹುಡುಗ ಅಷ್ಟು ದೂರ ನಡೆದದ್ದೇ ದಂಡ.’

ಧೂಳಿನಲ್ಲಿ ಒಬ್ಬ ಬಂದ. ಕೂದಲು ಬೆಳ್ಳಗಾಗಿತ್ತು, ರೆಪ್ಪೆ ಬೆಳ್ಳಗಾಗಿತ್ತು. ಎಡಗಾಲಿನ ಹಿಮ್ಮಡಿಯಿಂದ ರಕ್ತ ಸೋರುತ್ತಿತ್ತು. ಬಾಗಿಲಿನ ಮುಂದೆ ನಿಂತ.

‘ಯಾರು ನೀನು?’

‘ಪರದೇಶಿ.’

‘ಯಾರ ಮಗ?’

‘ಯಾರ ಮಗನೂ ಅಲ್ಲ.’

ಬಾಗಿಲವನು ರಾಣಿಯ ಕಡೆಗೆ ತಿರುಗಿದ. ‘ಮುಗಿದ ವಂಶದ ಹೆಣ್ಣೇ, ಇವನನ್ನು ಬಲ್ಲೆಯಾ?’

ಅವಳು ಆ ಹಿಮ್ಮಡಿಯನ್ನು ನೋಡಿದಳು. ಬಲ್ಲೆ ಎಂದರೆ ಈ ಕಾಲು ಇನ್ನೆಷ್ಟು ಊರು ಸುತ್ತಬೇಕೋ. ಬಾಗಿಲಾಚೆ ಮರಳು, ಮರಳಿನಾಚೆ ಅವನಿಗೆ ಗುರುತಿನವರಿಲ್ಲ. ಇಲ್ಲ ಎಂದರೆ ಒಳಗೆ ನೆರಳಿದೆ, ನೀರಿದೆ, ಕಾಲು ತೊಳೆಯುವ ಯಾರೋ ಇದ್ದಾರೆ. ಬದುಕಿಡೀ ಅವಳು ಯಾರಿಗೂ ಕೊಡದೆ ಇಟ್ಟುಕೊಂಡಿದ್ದುದು ಒಂದೇ ಒಂದು. ಅವನು ಕೇಳಿದ್ದೂ ಅದನ್ನೇ.

‘ಇಲ್ಲ’ ಎಂದಳು.

ಸಾಲಿನ ಪಿಸುಮಾತು ನಿಂತಿತು.

‘ಮುಗಿದ ವಂಶದ ಹೆಣ್ಣೇ, ಇವನನ್ನು ಬಲ್ಲೆಯಾ?’

‘ಇಲ್ಲ.’

ಈಗ ಅವನು ತಲೆಯೆತ್ತಿ ಅವಳನ್ನು ನೋಡಿದ. ಅಂಗಳದಲ್ಲಿ ಇಲ್ಲ ಎನ್ನು ಎಂದು ಕೇಳಿಕೊಂಡವನೇ ಅವನು. ಆದರೆ ಆ ನೋಟದಲ್ಲಿ ಬೇರೆ ಏನೋ ಇತ್ತು. ಅಮ್ಮನಿಗೆ ಸುಳ್ಳು ಬರುವುದಿಲ್ಲ ಎಂಬುದನ್ನು ಅವನು ನಡೆಯಲು ಕಲಿಯುವ ಮುಂಚೆಯೇ ಕಲಿತಿದ್ದ. ಊರನ್ನು ಸುತ್ತುವಾಗ ಉದ್ದಕ್ಕೂ ಅವನು ಅದಕ್ಕೆ ಹೆದರುತ್ತಲೇ ನಡೆದಿದ್ದ. ಹೆದರುತ್ತಿದ್ದನೋ, ಅದನ್ನೇ ಹಿಡಿದುಕೊಂಡು ನಡೆದಿದ್ದನೋ, ರಾಣಿಗೆ ತಿಳಿಯಲಿಲ್ಲ. ತಿಳಿದುಕೊಳ್ಳಲು ಹೊತ್ತಿರಲಿಲ್ಲ.

‘ಮುಗಿದ ವಂಶದ ಹೆಣ್ಣೇ, ಮೂರನೆಯ ಸಲ ಕೇಳುತ್ತಿದ್ದೇನೆ. ಇವನನ್ನು ಬಲ್ಲೆಯಾ?’

‘ಇಲ್ಲ’ ಎಂದಳು ರಾಣಿ. ಅವಳ ದನಿ ಎಂದಿನಂತೆ ನೇರವಾಗಿತ್ತು. ಸುಳ್ಳು ಹೇಳಲು ಬೇರೆ ದನಿಯೊಂದು ಬೇಕಾಗುತ್ತದೆಂದು ಅವಳು ತಿಳಿದಿದ್ದಳು. ಅವಳಲ್ಲಿ ಅಂಥದ್ದು ಇರಲಿಲ್ಲ. ಪಾಯಸಕ್ಕೆ ಉಪ್ಪು ಬಿದ್ದಿದೆ ಎಂದ ದನಿಯಲ್ಲೇ ಹೇಳಿದಳು.

ಅವನ ಮುಖದಿಂದ ಏನೋ ಇಳಿದುಹೋಯಿತು. ತುಟಿ ಒಮ್ಮೆ ತೆರೆದು ಮುಚ್ಚಿತು. ಭರ್ಜಿ ಎದ್ದಿತು, ಅವನು ಒಳಗೆ ಬಂದ, ಊರು ಒಂದೇ ಬಾಯಲ್ಲಿ ಕೂಗಿತು. ಹೂವು ಬಿತ್ತು, ನೀರು ಬಿತ್ತು, ಯಾರೋ ಅವನ ಕಾಲಡಿಗೆ ಬಟ್ಟೆ ಹಾಸಿದರು. ಅವನು ಅವಳ ಮುಂದಿನಿಂದಲೇ, ಕೈಯಳತೆಯ ದೂರದಲ್ಲಿ, ಹಾದುಹೋದ. ಹಾದುಹೋಗುವಾಗ ನೋಡಲಿಲ್ಲ. ನೋಡಕೂಡದೆಂದಿತ್ತು.

ಬೀದಿ ಖಾಲಿಯಾಗುತ್ತ ಬಂದಾಗ ಅಳತೆಯವ್ವ ರಾಣಿಯ ಮೊಳಕೈ ಹಿಡಿದಳು. ಬಾಗಿಲವನು ಅಗುಳಿ ಹಾಕಿ, ಭರ್ಜಿಯನ್ನು ಗೋಡೆಗೆ ಒರಗಿಸಿ, ಬೆವರು ಒರೆಸಿಕೊಳ್ಳುತ್ತಿದ್ದ.

‘ನಾನು ಸುಳ್ಳು ಹೇಳಿದೆ’ ಎಂದಳು ರಾಣಿ.

‘ಏನು ತಾಯಿ?’

‘ಮೂರು ಸಲವೂ ಸುಳ್ಳು ಹೇಳಿದೆ. ಅವನು ನನ್ನ ಮಗ. ಅವನು ಹುಟ್ಟಿದಾಗ ಎಡಗಿವಿ ಮಡಚಿಕೊಂಡಿತ್ತು, ನಾನೇ ಎಣ್ಣೆ ಹಚ್ಚಿ ಬಿಡಿಸಿದೆ. ನಿನ್ನ ಹೆಗಲ ಮೇಲೆ ಕೂರುತ್ತಿದ್ದ. ನಿನಗೆ ಗೊತ್ತಿಲ್ಲವೇ?’

ಬಾಗಿಲವನು ಅವಳನ್ನು ನೋಡಿದ. ಅವನ ಮುಖದಲ್ಲಿ ಮೊದಲು ಗಾಬರಿ ಬಂತು, ಆಮೇಲೆ ನಿಧಾನವಾಗಿ ನಗು ಬಂತು. ಕೆಟ್ಟ ನಗುವಲ್ಲ. ದಣಿದವನಿಗೆ ಯಾರೋ ತಮಾಷೆ ಮಾಡಿ ಹಗುರ ಮಾಡಿದಂಥ ನಗು.

‘ನಾನೂ ಹಾಗೇ ಅಂದುಕೊಂಡಿದ್ದೆ ತಾಯಿ, ಆಣೆಗೂ. ಆ ಹುಡುಗನೇ ಎಂದುಕೊಂಡಿದ್ದೆ. ನೀವು ಹೇಳಿದ ಮೇಲೆ ನೋಡಿದೆ: ನಡಿಗೆಯೇ ಬೇರೆ. ಬೇರೆ ಯಾರಾದರೂ ಇಲ್ಲ ಎಂದಿದ್ದರೆ ನನಗೆ ಅನುಮಾನ ಉಳಿಯುತ್ತಿತ್ತು. ನೀವಾ? ಸುಳ್ಳಾ?’ ಅವನಿಗೆ ತಡೆಯಲಾಗಲಿಲ್ಲ. ನೀರು ಹೊತ್ತು ಹೋಗುತ್ತಿದ್ದ ಹೆಂಗಸನ್ನು ಕೂಗಿ ಹೇಳಿದ, ‘ಕೇಳಿದೆಯಾ? ರಾಣಿಯಮ್ಮ ಸುಳ್ಳು ಹೇಳಿದರಂತೆ!’

‘ಯಾರು, ಇವರೇ?’ ಎಂದು ಅವಳು ಕೊಡ ಕುಲುಕುವಂತೆ ನಕ್ಕಳು.

ಅವಳು ಮುಂದಿನ ಮನೆಯವರಿಗೆ ಹೇಳಿದಳು. ಅವರು ಅದರ ಮುಂದಿನವರಿಗೆ. ನಗು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ, ಒಂದು ಮಾಡಿನಿಂದ ಇನ್ನೊಂದು ಮಾಡಿಗೆ ಏರುತ್ತ ಬೀದಿಯುದ್ದಕ್ಕೂ ಹೋಯಿತು. ರಾಣಿ ನಿಂತಲ್ಲೇ ನಿಂತು ಅದು ಹೋಗುವುದನ್ನು ಕೇಳಿಸಿಕೊಂಡಳು. ಅದು ಗೋಡೆಯನ್ನು ದಾಟಿತು. ಅರಮನೆಯ ಬಾಗಿಲಿನವರೆಗೆ ಹೋಯಿತು, ಅಂಗಳದೊಳಕ್ಕೆ ಇಳಿಯಿತು.

ಅಲ್ಲಿ ಯಾರೂ ನಗಲಿಲ್ಲ.

ಅವಳು ಇನ್ನೂ ಸ್ವಲ್ಪ ಹೊತ್ತು ಕಾದಳು. ಹಿಂಬದಿಮನೆಯ ದಾರಿ ದೂರವೇನೂ ಇರಲಿಲ್ಲ. ಅಳತೆಯವ್ವ ಬಾಗಿಲನ್ನು ಕೋಲಿನಿಂದ ತಳ್ಳಿ ತೆರೆದು ಪಕ್ಕಕ್ಕೆ ಸರಿದು ನಿಂತಳು.

‘ತಲೆ ಬಗ್ಗಿಸಿಕೊಂಡು ಬನ್ನಿ’ ಎಂದಳು. ‘ಬಾಗಿಲು ಗಿಡ್ಡ.’